ಮನಿ ಮುಟ್ಟೀನಿ

ಮಗಳನ್ನು ಅವಳಪ್ಪನಿಗೆ ಕೊಡುವುದಿಲ್ಲ ಎಂದು ಆದೋನಿಯ ಕೋರ್ಟಿನಲ್ಲಿ ಹಟ ಹಿಡಿದು ಗೆದ್ದವಳು ನಾನೇ. ಆರು ವರ್ಷದ ಮೇಲೆ ಅದೇ ಕೋರ್ಟಿಗೆ ಹೋಗಿ, ಅವಳು ಇನ್ನು ಅಪ್ಪನ ಮನೆಯಲ್ಲಿರಲಿ ಎಂದು ಅರ್ಜಿ ಕೊಟ್ಟವಳೂ ನಾನೇ.

ಅವಳಿಗೆ ಹದಿನಾಲ್ಕು. ಟ್ಯೂಷನ್ನಿನಿಂದ ನಮ್ಮ ಓಣಿಯವರೆಗೆ ಒಬ್ಬ ಬೈಕಿನಲ್ಲಿ ಬೆನ್ನು ಹತ್ತುತ್ತಿದ್ದ. ಮೀಸೆ ಹಣ್ಣಾದ ಗಂಡಸು, ಅವನ ಬಾಯಿಗೆ ಮಣ್ಣು ಬೀಳಲಿ! ಪೊಲೀಸರು ಕರೆಸಿ ಬೈದರು. ವಾರ ಸುಮ್ಮನಿದ್ದವನು ಎಂಟನೇ ದಿನ ನಮ್ಮ ಬಾಗಿಲನ್ನೇ ಬಡಿದ. ನಾನು ಹತ್ತಿ ಮಿಲ್ಲಿನಲ್ಲಿದ್ದೆ, ಸಂಜೆ ಏಳರವರೆಗೆ ಪಾಳಿ. ಅವಳು ಒಳಗೆ ಚಿಲಕ ಹಾಕಿಕೊಂಡು ಒಂದು ತಾಸು ಒಬ್ಬಳೇ ಕುಳಿತಿದ್ದಳು.

ಎಮ್ಮಿಗನೂರಿನಲ್ಲಿ ಅವಳಪ್ಪನ ಮಗ್ಗ ಮನೆಯೊಳಗೇ ಇದೆ. ಹಗಲೆಲ್ಲ ಅಲ್ಲೇ ಇರುತ್ತಾನೆ. ಬಾಗಿಲಲ್ಲಿ ಅತ್ತೆ. ಯಾವ ಬಾಯಿಗೆ ಸಾಕಾಗಿ ಆ ಮನೆ ಬಿಟ್ಟು ಬಂದಿದ್ದೆನೋ, ಮಗಳ ಕಾವಲಿಗೆ ಆ ಬಾಯಿಯನ್ನೇ ನೆಚ್ಚಬೇಕಾಯಿತು. ಆಕೆಯನ್ನು ದಾಟಿ ಬೀದಿನಾಯಿಯೂ ಒಳಗೆ ಬರುವುದಿಲ್ಲ.

ಮಗಳು ನಿಮಗೇ ಬೇಡವಾದಳೇ ಎಂದು ನ್ಯಾಯಾಧೀಶರು ತೆಲುಗಿನಲ್ಲಿ ಕೇಳಿದರು. ದಿನಾ ಬಜಾರಿನಲ್ಲಿ ಜಗಳವಾಡುವ ನನ್ನ ತೆಲುಗು ಅಂದು ಎಲ್ಲಿ ಸತ್ತಿತ್ತೋ!

"ಬೇಕ್ರೀ ಸಾರ್. ಆಕಿ ಬೇಕಾಗಿದ್ದಕ್ಕ ಕಳಸಾಕತ್ತೀನಿ."

ಮಗಳು ನನ್ನ ಕಡೆ ನೋಡಲಿಲ್ಲ.

ಅಪ್ಪನ ಜೊತೆ ಬಸ್ಸು ಹತ್ತುವಾಗ, "ಮನಿ ಮುಟ್ಟಿದ ಕೂಡ್ಲೆ ಫೋನ್ ಮಾಡು," ಎಂದೆ.

"ಯಾರ ಮನಿ?" ಎಂದಳು.

ಸಂಜೆ ಫೋನ್ ಬಂತು. "ಅಪ್ಪನ ಮನಿ ಮುಟ್ಟೀನಿ." ಇಟ್ಟೇಬಿಟ್ಟಳು.

ಅಂದಿನಿಂದ ತಿಂಗಳಿಗೊಂದು ಶನಿವಾರ ಬಂದು, ಭಾನುವಾರ ಹೋಗುತ್ತಾಳೆ. ಉಳಿದ ದಿನ ಉಗ್ಗಾಣಿಗೆ ಮಂಡಕ್ಕಿ ನೆನೆಹಾಕಿದರೆ ಕೈ ಇಬ್ಬರ ಅಳತೆಯನ್ನೇ ತೆಗೆಯುತ್ತದೆ. ಕೈಯನ್ನು ಬೈಯುತ್ತ ನಾನೇ ಎಲ್ಲ ತಿನ್ನುತ್ತೇನೆ. ಹಾಳು ಹುಡುಗಿ, ಎಷ್ಟು ನೆನಪಾಗುತ್ತಾಳೆ!

ಪ್ರತಿ ಸಲ ಅದೇ ಫೋನ್, ಅದೇ ಮಾತು: "ಅಪ್ಪನ ಮನಿ ಮುಟ್ಟೀನಿ." "ಯಾರ ಮನಿ ಅಂತ ಗೊತ್ತೈತಿ ಬಿಡೆ," ಎಂದು ನಾನೂ ರೇಗುತ್ತಿದ್ದೆ. ಆ 'ಅಪ್ಪನ' ಎಂಬುದು ಸಿಟ್ಟಿನ ಮಾತೆಂದು ಗೊತ್ತಿತ್ತು. ಆದರೂ ಕೇಳಿದಾಗಲೆಲ್ಲ ಜೀವಕ್ಕೆ ಸಮಾಧಾನ. ಅದು ಅಪ್ಪನ ಮನೆಯಾದರೆ, ಬರೀ ಮನೆ ಎಂದರೆ ನನ್ನದೇ ತಾನೆ?

ಹೋದ ಭಾನುವಾರ ಫೋನ್ ಬಂದಾಗ ಹಿಂದೆ ಮಗ್ಗದ ಸದ್ದಿತ್ತು. "ಮೊದ್ಲು ಕೈಕಾಲು ತೊಳ್ಕೊಳೆ," ಎಂದು ಅತ್ತೆ ಕೂಗುತ್ತಿದ್ದರು. ಅವಳು ಯಾತಕ್ಕೋ ನಗುತ್ತಿದ್ದಳು. ಅವಳ ನಗು ಕೇಳಿ ಎಷ್ಟು ತಿಂಗಳಾಗಿತ್ತು!

"ಅವ್ವಾ, ಮನಿ ಮುಟ್ಟೀನಿ."

"ಚಲೋ ಆತವ್ವ," ಎಂದೆ. ಕೋರ್ಟಿನಲ್ಲಿ ನಾನು ಬೇಡಿಕೊಂಡದ್ದೂ ಅದನ್ನೇ. ಅವಳಿಗೆ ಕೇಳಿಸದಿರಲೆಂದು ಫೋನನ್ನು ದೂರ ಹಿಡಿದು ಅತ್ತುಬಿಟ್ಟೆ.