ಸೋಲಾರ್ ಫಲಕಗಳಿಗೆ ಅಭಿಷೇಕ

ಗುಂಡ್ಲುಪೇಟೆ ಬಳಿಯ ಅರಿಶಿನ ಪುಡಿ ಕಾರ್ಖಾನೆಯೊಂದರಲ್ಲಿ ನಾನು ಎಲೆಕ್ಟ್ರಿಷಿಯನ್. ಡೀಸೆಲ್ ಜನರೇಟರಿನಿಂದ ಯಂತ್ರ ಓಡಿಸುವವರ ಸರಕು ಇನ್ನು ಬೇಡವೆಂದು ಹೊರದೇಶದ ಖರೀದಿದಾರರು ತಿಳಿಸಿದ ಮೇಲೆ ನಮ್ಮ ಮಾಲೀಕರು ಚಾವಣಿ ತುಂಬ ಸೋಲಾರ್ ಫಲಕ ಹಾಕಿಸಿದರು. ಆ ಆರ್ಡರ್ ತಪ್ಪಿದರೆ ಪ್ಯಾಕಿಂಗ್ ವಿಭಾಗ ಮುಚ್ಚುವುದಾಗಿಯೂ ಹೇಳಿದರು.

ಮಾಲೀಕರು ದೊಡ್ಡ ಶಿವಭಕ್ತರು. ಪೂಜೆಯ ದಿನ ಒಂದೊಂದು ಫಲಕಕ್ಕೂ ಅಡ್ಡಲಾಗಿ ಮೂರು ವಿಭೂತಿ ಪಟ್ಟೆ ಎಳೆಸಿದರು. ಬೆರಳಲ್ಲಿ ಎಳೆದದ್ದು ಕೆಳಗಿನಿಂದ ಕಾಣಲಿಲ್ಲ. ಸುಣ್ಣ ಹೊಡೆಯುವ ಬ್ರಷ್ ಬಂತು. ಗಾಳಿಗೆ ಉದುರದಿರಲೆಂದು ಗೋಂದು ಕಲಸಿದ್ದಾಯಿತು. ಬೇಸಿಗೆಯ ಸೂರ್ಯ ನೆತ್ತಿಯ ಮೇಲಿದ್ದರೂ ವಿದ್ಯುತ್ ಸಾಲದೆ ಜನರೇಟರ್ ಗುಡುಗುಡು ಎನ್ನುತ್ತಲೇ ಇತ್ತು.

ಮೈಸೂರಿನಿಂದ ಸಲಹೆಗಾರರು ಬಂದು ಪರದೆಯ ಮೇಲೆ ಸೋಲಾರ್ ಬಳಕೆಗಿರುವ ಅಡೆತಡೆಗಳನ್ನು ತೋರಿಸಿದರು: ಸರ್ಕಾರದ ನೀತಿ, ಬ್ಯಾಂಕಿನ ನಿಧಾನ, ಕಾರ್ಮಿಕರ ಮನೋಭಾವ. ಅವರು ಚಾವಣಿಗೂ ಹತ್ತಿದ್ದರು. ವಿಭೂತಿಗೆ ಕೈಮುಗಿದು ಇಳಿದರು.

ಒರೆಸೋಣವೇ ಎಂದು ನಾನು ಕೇಳಿದೆ.

"ಅಚ್ಚಿದ ಇಬೂತಿಯ ಅಳಿಸ್ತಾರೇನ್ಲಾ?" ಎಂದರು ಮಾಲೀಕರು. "ತಾನಾಗೇ ಓಗ್ಲಿ ಬುಡು."

ಪ್ಯಾಕಿಂಗ್ ಹೆಂಗಸರಲ್ಲಿ ಹಿರಿಯಳು ಹರದನಹಳ್ಳಿಯವಳು. "ಯಜಮಾನ್ರು ಸೂರ್ಯಂಗೇ ಗೋಡೆ ಕಟ್ಬುಟ್ಟವ್ರೆ ಕಣಣ್ಣ," ಎಂದಳು. "ಆರ್ಡ್ರು ಓದ್ರೆ ನಾವೆಲ್ಲಿಗೆ ಓಗನ?"

ಖರೀದಿದಾರರ ಕಡೆಯವರು ತಪಾಸಣೆಗೆ ಬರುವ ಹಿಂದಿನ ದಿನ ನಾನು ಮಾಲೀಕರ ಮುಂದೆ ನಿಂತು, ಅಭಿಷೇಕ ಮಾಡಿಸೋಣ ಎಂದೆ. ಅವರ ಮುಖ ಅರಳಿತು. "ಮೊದ್ಲೇ ಏಳ್ಬಾರ್ದೇನ್ಲಾ?" ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದು ನೀರು. ಅವರು ತರಿಸಿದ್ದು ಹಾಲು, ಮೊಸರು, ತುಪ್ಪ, ಜೇನು. ನೀರು ಕೊನೆಗೆ.

ಸೀರೆಯ ಮೇಲೆ ಶರ್ಟು ತೊಟ್ಟ ಹೆಂಗಸರು ಬಕೆಟ್ಟು, ಹಳೇ ಬಟ್ಟೆ ಹಿಡಿದು ಹತ್ತಿದರು. ಹಾಲು ತುಪ್ಪ ಹರಿದು ತಗಡು ಜಾರುತ್ತಿತ್ತು. ಹರದನಹಳ್ಳಿಯವಳ ಬಲಗಾಲು ಮೊದಲು ಜಾರಿತು. ಆಮೇಲೆ ಮಂಡಿ ಬಡಿದ ಸದ್ದು. ಆಮೇಲೆ ಅವಳು ಅಂಚಿನ ಕಡೆಗೆ ಸರಿಯತೊಡಗಿದಳು. ಶರ್ಟಿನ ಕಾಲರ್ ನನ್ನ ಕೈಗೆ ಸಿಕ್ಕಿತು. ಚಪ್ಪಲಿ ಮಾತ್ರ ಕೆಳಗೆ, ಅರ್ಚಕರು ಮಂತ್ರ ಹೇಳುತ್ತಿದ್ದ ಕಡೆ, ಬಿತ್ತು.

ಮಂತ್ರ ನಿಂತಿತು. ಮಾಲೀಕರು ತಲೆಯೆತ್ತಿದರು.

"ಚಪ್ಲಿ ಆಕಂಡ್ ಅತ್ತಿದ್ರಾ?"

ಕಾಲರ್ ಹಿಡಿದ ಬೆರಳುಗಳನ್ನು ಬಿಡಿಸಿಕೊಳ್ಳಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು.

ಮರುದಿನ ಜನರೇಟರ್ ಬಾಯಿ ತೆರೆಯಲಿಲ್ಲ. ಆರ್ಡರ್ ಉಳಿಯಿತು, ಪ್ಯಾಕಿಂಗ್ ವಿಭಾಗವೂ ಉಳಿಯಿತು. ಅಡೆತಡೆ ಹೇಗೆ ಗೆದ್ದಿರಿ ಎಂದು ತಪಾಸಣೆಗೆ ಬಂದವರು ಕೇಳಿದಾಗ ಮಾಲೀಕರು, ನಮ್ಮ ಸಂಸ್ಕೃತಿಯಲ್ಲೇ ಅದಕ್ಕೆ ದಾರಿಯಿದೆ ಎಂದರು. ಬಂದವರು ಅದನ್ನು ಬರೆದುಕೊಂಡರು.

ಈಗ ಪ್ರತಿ ಸೋಮವಾರ ಅಭಿಷೇಕ. ಹೆಂಗಸರು ಬರಿಗಾಲಲ್ಲಿ ಹತ್ತುತ್ತಾರೆ. ಸೊಂಟಕ್ಕೆ ಕಟ್ಟಿಕೊಳ್ಳಲು ಹಗ್ಗ ಬೇಕೆಂದು ಕೇಳಿದೆ. ತರಿಸಿದ್ದಾರೆ. ಹೊಸದು, ಒಳ್ಳೆಯ ದಿನ ನೋಡಿ ಪೂಜೆ ಮಾಡಿ ಕೊಡುತ್ತಾರಂತೆ. ಅಲ್ಲಿಯವರೆಗೆ ದೇವರ ಪಟದ ಮುಂದೆ ಸುರುಳಿ ಸುತ್ತಿಕೊಂಡಿದೆ.

"ಅಲ್ಲೀಗಂಟ ನಿನ್ ಕೈಯೇ ಅಗ್ಗ ಕಣಣ್ಣ," ಎನ್ನುತ್ತಾಳೆ ಹರದನಹಳ್ಳಿಯವಳು, ಏಣಿಗೆ ಕಾಲಿಡುತ್ತಾ. ನಾನು ಅವಳ ಹಿಂದೆಯೇ ಹತ್ತುತ್ತೇನೆ.