ಅಕ್ಕ ಕಳಿಸುತ್ತಿದ್ದ ಜೀವ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದ್ದರೆ ಇರಲಿ ಎಂದು ಇಷ್ಟು ವರ್ಷ ಮೆರೆದೆ. ಆದರೆ ಫೋನಿನೊಳಗಿನ ಹಣ್ಣುಗಳ ಮೇಲೆ ಬಂದ ಸಿಟ್ಟಿನಿಂದ ಅಕ್ಕನ ಮನಸ್ಸು ಮುರಿದೆನಲ್ಲ, ಅದನ್ನು ಇವತ್ತಿಗೂ ಮರೆಯಲಾಗಿಲ್ಲ.

ನಾವು ಹುಕ್ಕೇರಿ ಕಡೆಯ ಕುರಿ ಸಾಕುವವರು. ಅಕ್ಕನನ್ನು ಮೂಡಲಗಿ ಹತ್ತಿರದ ಒಕ್ಕಲುತನದ ಮನೆಗೆ ಕೊಟ್ಟಿದ್ದರು. ಸುಗ್ಗಿ ಮುಗಿದ ಮೇಲೆ ನನ್ನ ಗಂಡ ಮಂದೆ ಹೊಡೆದುಕೊಂಡು ಆ ಕಡೆ ಹೋದರೆ, ಕುರಿ ಮೊದಲು ತಂಗುವುದು ಅಕ್ಕನ ಹೊಲದಲ್ಲೇ. ಕುರಿ ಮಲಗಿ ಎದ್ದ ನೆಲಕ್ಕೆ ಬೇರೆ ಗೊಬ್ಬರ ಬೇಕಿಲ್ಲ, ಅದಕ್ಕೆ ಹೊಲದವರು ನಮಗೆ ಜೋಳ ಕೊಡುತ್ತಾರೆ. ಆ ವರ್ಷ ಪಕ್ಕದ ಹೊಲದವನು ಜೋಳ ಹೆಚ್ಚು ಕೊಡುತ್ತೇನೆಂದ. ನನ್ನ ಗಂಡ ಮೊದಲು ಅಲ್ಲಿ ಮಂದೆ ನಿಲ್ಲಿಸಿದ. ಅಷ್ಟರಲ್ಲಿ ಅಡ್ಡಮಳೆ ಹೊಡೆಯಿತು, ಕೆಸರಿನಲ್ಲಿ ಕುರಿ ನಿಲ್ಲಲಾರವೆಂದು ಮಂದೆ ಊರಿಗೆ ತಿರುಗಿತು. ಅಕ್ಕನ ಹೊಲ ಹಾಗೇ ಉಳಿಯಿತು.

ಅಕ್ಕ ಫೋನ್ ಮಾಡಿದಳು. "ನಾಕ ಮಂದಿ ಮುಂದ ನಮ್ಮನಿಯವರ ಮಾರಿ ಸಣ್ಣದಾತವಾ. ಸ್ವಂತ ತಂಗಿ ಕುರಿ ಬಾಜೂ ಹೊಲದಾಗ ಕುಂತು ಹೋದುವು."

"ಕುರಿ ಏನ್ ನಿನ್ನ ಗಂಡ ಸಾಕ್ಯಾನೇನ? ಎಲ್ಲಿ ಬೇಕೋ ಅಲ್ಲಿ ನಿಂದರಸ್ತೇವಿ!" ಎಂದೆ. ಅಲ್ಲಿಗೆ ಮಾತು ನಿಂತಿತು. ಅವಳು ಫೋನ್ ಮಾಡಲಿ ಅಂತ ನಾನು, ನಾನು ಮಾಡಲಿ ಅಂತ ಅವಳು.

ಉಳಿದದ್ದು ಆಟ ಒಂದೇ. ಒಂದೇ ಬಣ್ಣದ ಹಣ್ಣುಗಳನ್ನು ಮೂರು ಮೂರು ಜೋಡಿಸಿ ಒಡೆಯುವ ಆಟ. ಹಿಂದೆ ನಾನೇ ಅವಳ ಫೋನಿಗೂ ಹಾಕಿಕೊಟ್ಟಿದ್ದೆ. ಸೋತಾಗಲೆಲ್ಲ ಒಂದು ಜೀವ ಹೋಗುತ್ತದೆ, ಎಲ್ಲ ಖಾಲಿಯಾದರೆ ಕಾಯಬೇಕು, ಇಲ್ಲವೇ ಜೊತೆಗೆ ಆಡುವವರು ಯಾರಾದರೂ ಒಂದು ಜೀವ ಕಳಿಸಬೇಕು. ಜಗಳದ ಮರುದಿನ ಮುಂಜಾನೆ ನೋಡುತ್ತೇನೆ, ಅಕ್ಕನಿಂದ ಒಂದು ಬಂದಿದೆ! ನಾನೂ ಒಂದು ಕಳಿಸಿದೆ. ಮಾತಿಲ್ಲ ಕತೆಯಿಲ್ಲ, ದಿನಾ ಇದೊಂದು ಮಾತ್ರ ನಡೆಯಿತು. ಅದು ಬಂತೆಂದರೆ ಅಕ್ಕ ಎದ್ದಿದ್ದಾಳೆ, ಚಹಾಕ್ಕೆ ಇಟ್ಟಿದ್ದಾಳೆ ಎಂದು ನನಗೆ ಸಮಾಧಾನ.

ಆಮೇಲೆ ಒಂದು ಹಂತದಲ್ಲಿ ಸಿಕ್ಕಿಬಿದ್ದೆ. ಪ್ರತಿ ಸಲವೂ ಒಂದೇ ಒಂದು ಹಣ್ಣು ಉಳಿಯುವುದು, ಆಟ ಮುಗಿಯುವುದು. ಗೆಲುವು ಇನ್ನೂ ದೂರವಿದ್ದಾಗಲೇ ಸೋತಿದ್ದರೆ ಅವತ್ತೇ ಬಿಡುತ್ತಿದ್ದೆನೇನೋ. ಹಾಳಾದ್ದು ಹತ್ತಿರ ಕರೆತಂದು ಸೋಲಿಸುತ್ತಿತ್ತು, ಅದಕ್ಕೇ ಬಿಡಲಾಗಲಿಲ್ಲ. ಹಂಚಿನ ಮೇಲೆ ರೊಟ್ಟಿ ಸೀದವು. "ಆ ಫೋನ್ ನಿನಗೇನ್ ಮಾಡೇತಿ? ಹಂಗ್ಯಾಕ ಬೈಯಾಕತ್ತಿ?" ಎಂದು ಗಂಡ ನಗುತ್ತಿದ್ದ. ಒಂದು ಮಧ್ಯಾಹ್ನ ಗೋಕಾಕ ಬಸ್ ಸ್ಟ್ಯಾಂಡಿನಲ್ಲಿ, ಅಕ್ಕ ಕಳಿಸಿದ ಜೀವವನ್ನೂ ಆ ಒಂದು ಹಣ್ಣಿಗೇ ಕಳೆದುಕೊಂಡೆ. "ಸುಡ್ಲಿ ನಿನ್ನ!" ಎಂದು ಆಟವನ್ನೇ ಅಳಿಸಿ ಹಾಕಿದೆ. ಮೈ ಹಗುರಾಯಿತು. ಅಕ್ಕ ನೆನಪಾಗಲಿಲ್ಲ. ಖರೇ ಹೇಳುತ್ತೇನೆ, ನೆನಪೇ ಆಗಲಿಲ್ಲ.

ಪಂಚಮಿಗೆ ದಡ್ಡಿ ಊರಿನ ತವರುಮನೆಗೆ ಹೋದೆ. ಅಕ್ಕ ಮೊದಲೇ ಬಂದು ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ ಕುಳಿತಿದ್ದಳು. ನಾನು ಪಕ್ಕದಲ್ಲಿ ಕೂತೆ. ಅವಳು ತಲೆ ಎತ್ತಲಿಲ್ಲ.

"ಮಾತಾಡಬೇ ಅಕ್ಕಾ," ಎಂದೆ.

"ಏನ್ ಮಾತಾಡ್ಲಿ? ದಿನಾ ಜೀವ ಕಳಸೂದನ್ನೂ ಬ್ಯಾಡ ಅಂದಿ. ಆಟದಾಗಿಂದ ನಿನ್ನ ಹೆಸರ ತಗದ ಬಿಟ್ಟಿ."

"ನಿನ್ನ ಮ್ಯಾಲಿನ ಸಿಟ್ಟಲ್ಲಬೇ, ಆಟದ ಮ್ಯಾಲಿಂದು. ಸೋತು ಸೋತು ತಲಿ ಕೆಟ್ಟಿತ್ತು."

ಅಕ್ಕ ಉಂಡಿ ಕಟ್ಟುತ್ತಲೇ ಹೇಳಿದಳು, "ನನಗ ಆ ಆಟ ಬರೂದ ಇಲ್ಲ. ನೀ ಹಾಕಿಕೊಟ್ಟಾಗಿಂದ ಶುರೂನಾಗ ಕುಂತಿದ್ನಿ, ಮುಂದ ಹೋಗಾಕ ಆಗಲಿಲ್ಲ. ಮುಂಜಾನಿ ಎದ್ದು ನಿನಗ ಜೀವ ಕಳಸಾಕ ಅಷ್ಟ ಆಟ ತಗೀತಿದ್ನಿ."

ಎಷ್ಟೋ ಹಂತ ದಾಟಿದವಳು ನಾನು, ಬಿಟ್ಟು ಎದ್ದವಳೂ ನಾನೇ. "ಮತ್ತ ಹಾಕ್ಕೋತೇನಿ, ಈಗ, ಇಲ್ಲೇ," ಎಂದು ಫೋನ್ ತೆಗೆದೆ.

"ಬ್ಯಾಡ. ನಾನೂ ಆಟ ತಗದ ಹಾಕೇನಿ," ಎಂದಳು ಅಕ್ಕ. "ನೀ ಮತ್ತ ಸಿಟ್ಟಾಗಿ ಬಿಟ್ಟಿ ಅಂದ್ರ, ನನಗ ತಡಕೊಳ್ಳಾಕ ಆಗೂದಿಲ್ಲ."