ಅಕ್ಕನ ಸೋಲ್ ಸಂಜೆಗಳು

ಅಕ್ಕನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿದಿತ್ತು. ಬಸ್ಸು ಹತ್ತುವಾಗ ನಾನು ಹಿಂದಿನಿಂದ ಎತ್ತಬೇಕು, ಅವಳು ಸರಳು ಹಿಡಿದು ಮೈ ಜಗ್ಗಿಕೊಳ್ಳಬೇಕು. ಹಾಗಿದ್ದೂ ಎರಡು ಸಾವಿರದ ಆರೇಳರ ಸುಮಾರಿಗೆ ನಾವಿಬ್ಬರೂ ತಿಂಗಳಿಗೊಮ್ಮೆ ನಾಸಿಕದಿಂದ ಔರಂಗಾಬಾದಿಗೆ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರಕ್ಕೆ, ಹಾಡು ಕೇಳಲು ಹೋಗುತ್ತಿದ್ದೆವು.

ಅಪ್ಪ ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಅವರ ಜೊತೆಗಾರರೊಬ್ಬರು ಊರು ಬಿಡುವಾಗ ಕೊಟ್ಟುಹೋದ ಕ್ಯಾಸೆಟ್ಟುಗಳಿಂದ ಅಕ್ಕನಿಗೆ ಸೋಲ್ ಸಂಗೀತದ ಹುಚ್ಚು ಹಿಡಿಯಿತು. ಅಮೆರಿಕದ ಕಪ್ಪು ಜನ ಚರ್ಚಿನ ಪ್ರಾರ್ಥನೆಯ ದನಿಯಲ್ಲೇ ಪ್ರೀತಿ, ವಿರಹ ಹಾಡಿಕೊಳ್ಳುವ ಸಂಗೀತ ಅದು. "ಅದೇನ್ ಸೋಲಿನ ಹಾಡವಾ, ಗೆಲ್ಲೂದೊಂದು ಹಾಕ," ಎಂದು ಅವ್ವ ನಗುತ್ತಿದ್ದಳು.

ಆ ಊರಿನ ಚಿಕಲಠಾಣಾದ ಒಂದು ಹೋಟೆಲಿನ ಮಾಳಿಗೆಯಲ್ಲಿ ತಿಂಗಳ ಕೊನೆಯ ಶನಿವಾರ ಸೋಲ್ ಸಂಜೆ ನಡೆಯುತ್ತಿತ್ತು. ಶೇಂದ್ರಾದ ಕಾರ್ಖಾನೆಯೊಂದರ ಎಂಜಿನಿಯರ್ ತನ್ನ ರೆಕಾರ್ಡುಗಳನ್ನು ತಂದು ಹಾಕುತ್ತಿದ್ದ. ನಮ್ಮ ಹಾಗೆಯೇ ಕಲಬುರಗಿ ಕಡೆಯವನು. ಮೊದಲ ದಿನ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ನಿಂತ ಅಕ್ಕನಿಗೆ ಅವನೇ ಕುರ್ಚಿ ತಂದಿಟ್ಟ.

"ನಾಸಿಕದಿಂದ ಬಂದೀರೇನ್ರಿ? ಬರೇ ಇದಕ್ಕ?"

"ಬರೇ ಇದಕ್ಕ," ಎಂದಳು ಅಕ್ಕ.

ಆ ಸಂಜೆಯೆಲ್ಲ ಅವನು ಅವಳನ್ನು ಕೇಳಿ ಕೇಳಿಯೇ ರೆಕಾರ್ಡು ಹಾಕಿದ. ಆಮೇಲೆ ಫೋನು ಶುರುವಾಯಿತು. ಅಕ್ಕ ಟೆರೇಸಿಗೆ ಹೋಗಿ ಗಂಟೆಗಟ್ಟಲೆ ಮಾತಾಡುವಳು.

ದಾರಿಯಲ್ಲಿ ಯೇವಲಾ ದಾಟಿದರೆ ರಸ್ತೆಯೆಂಬುದೇ ಇರುತ್ತಿರಲಿಲ್ಲ. ಬಸ್ಸು ಎತ್ತಿ ಹಾಕಿದಾಗಲೆಲ್ಲ ಕಾಲಿಗೆ ಆಸರೆಯಾಗಿ ಕಟ್ಟಿದ್ದ ಕಬ್ಬಿಣದ ಪಟ್ಟಿ ಅವಳ ತೊಡೆಗೆ ಒತ್ತಿ ಚರ್ಮ ಸುಲಿಯುತ್ತಿತ್ತು. ಔರಂಗಾಬಾದಿನಲ್ಲೇ ಇದ್ದ ದೊಡ್ಡಮ್ಮನ ಮನೆಯಲ್ಲಿ ಇಳಿದು, ಗಾಯಕ್ಕೆ ಪೌಡರ್ ಹಾಕಿ, ಸೀರೆ ಬದಲಿಸಿ ಹೊರಡುವಳು.

"ಒಮ್ಮೆ ನೀವೂ ನಮ್ಮ ಮನಿಗಿ ಬರ್ರಿ. ಅಪ್ಪನ ಜೋಡಿ ಮಾತಾಡ್ರಿ," ಎಂದು ಅವನಿಗೆ ಹೇಳಿದ್ದಳು.

"ಮುಂದಿನ ತಿಂಗಳ ಪಕ್ಕಾ."

ಅವನ ಹತ್ತಿರ ಮೋಟಾರ್ ಸೈಕಲ್ ಇತ್ತು. ಎರಡು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ. ಪ್ರತಿ ಸಲ ನಾವೇ ಹೋದೆವು.

ಒಂದು ಮಳೆಗಾಲ ವೈಜಾಪುರದ ಹತ್ತಿರ ಹಳ್ಳ ತುಂಬಿ ಬಸ್ಸು ನಿಂತುಬಿಟ್ಟಿತು. ವಾಪಸ್ ಹೋಗೋಣ ಎಂದೆ. "ಇವತ್ತ ಏನೋ ಹೇಳೂದದ ಅಂದಾರ," ಎಂದ ಅಕ್ಕನ ಮುಖ ನೋಡಿ ಸುಮ್ಮನಾದೆ. ನೀರು ಇಳಿದ ಮೇಲೂ ಬಸ್ಸು ಕದಲದೆ, ಒಂದು ಈರುಳ್ಳಿ ಟೆಂಪೋದಲ್ಲಿ, ಚೀಲಗಳ ಮೇಲೆ ಕೂತು ಹೋದೆವು. ಒದ್ದೆ ಸೀರೆಯಲ್ಲೇ ಅವಳು ಮಾಳಿಗೆ ಹತ್ತಿದಳು.

ಅವನ ಪಕ್ಕದಲ್ಲಿ ಒಬ್ಬ ಹುಡುಗಿ ಲಾಡು ಹಂಚುತ್ತಿದ್ದಳು. ಅವನು ನಮ್ಮನ್ನು ಬಾಲ್ಕನಿಗೆ ಕರೆದ.

"ಎಂಗೇಜ್‌ಮೆಂಟ್ ಆಯ್ತ್ರಿ. ಫೋನಿನ್ಯಾಗ ಹೇಳ್ಲಿಕ್ಕ ಮನಸ್ಸಾಗ್ಲಿಲ್ಲ."

"ಮನ್ಯಾಗ ನನ್ನ ಬ್ಯಾಡ ಅಂದ್ರೇನು?"

"ನಿಮ್ಮ ಕಾಲಿಂದು ಅವ್ವಗ ಹೆಂಗ ಹೇಳ್ಲಿ ಅಂತ... ನಿಮ್ಮ ವಿಷಯನೇ ತಗೀಲಿಲ್ಲರಿ."

"ಕೇಳೇ ಇಲ್ಲ?"

ಅಕ್ಕ ಒಳಗೆ ಬಂದು ಆ ಹುಡುಗಿಯ ಕೈಯಿಂದ ಲಾಡು ತಗೊಂಡಳು. "ಅಭಿನಂದನ್," ಎಂದು ಮರಾಠಿಯಲ್ಲಿ ಹೇಳಿ ಕೊನೆಯ ಹಾಡಿನ ತನಕ ಕೂತಳು. ಆ ಹುಡುಗಿಗೆ ಏನೂ ಗೊತ್ತಿರಲಿಲ್ಲ. ಗೊತ್ತಾಗುವುದೂ ಅಕ್ಕನಿಗೆ ಬೇಕಿರಲಿಲ್ಲ.

ಮುಂದಿನ ತಿಂಗಳೂ ಅಕ್ಕ ಹೊರಟಾಗ ನಾನು ದಂಗಾದೆ. "ಹಾಡೇನು ಅವಂದಲ್ಲಲ," ಎಂದಳು. ಆದರೆ ಹೋಟೆಲಿನ ಮೆಟ್ಟಿಲ ಬುಡದಲ್ಲಿ ಅವಳ ಕಾಲು ನಿಂತಿತು. ಕೆಳಗಿನ ಮೇಜಿಗೇ ಕೂತಳು.

"ಮ್ಯಾಲ ಹೋಗಮು?"

"ಬ್ಯಾಡ. ಇಲ್ಲಿಗೂ ಕೇಳ್ತದ."

ಎಲ್ಲಿ ಕೇಳುತ್ತಿತ್ತು! ಛಾವಣಿಯಿಂದ ಬರೇ ತಾಳದ ಗುದ್ದು ಇಳಿಯುತ್ತಿತ್ತು, ಹಾಡುವವರ ದನಿ ಇಲ್ಲ. ಅಕ್ಕ ಎರಡು ಕೈಯಲ್ಲಿ ಚಹದ ಲೋಟ ಹಿಡಿದು, ಮುಖ ಒರೆಸಿಕೊಳ್ಳದೆ ಅತ್ತಳು. ವೇಟರ್ ಬಂದು, ನೋಡಿ, ಏನೂ ಕೇಳದೆ ಹೋದ.

ಮರುದಿನ ಮನೆ ಸೇರಿದಾಗ ಅವ್ವ ಕೇಳಿದಳು: "ಹಾಡು ಹೆಂಗಿದ್ವು?"

"ಛಲೋ ಇದ್ವು," ಎಂದು ಅಕ್ಕ ಒಳಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಮಲಗಿದಳು. ಮತ್ತೆ ನಾವು ಆ ಊರಿಗೆ ಹೋಗಲಿಲ್ಲ.